ಬೀದರಿನ ಮಣ್ಣಿನ ತಟ್ಟೆ, ಕಪ್: ವರ್ಷದ ಬಳಕೆಯ ನಂತರ

ತಟ್ಟೆಗಳನ್ನು ಯೋಚನೆ ಮಾಡದೆ ತಗೊಳ್ಳಿ. ಕಪ್‌ಗಳಿಗೆ ಮಾತ್ರ ಮೊದಲು ಒಂದು ರಾತ್ರಿ ನೀರು ತುಂಬಿಟ್ಟು ನೋಡಿ, ಆಮೇಲೆ ಬಳಸಿ. ವರ್ಷಕ್ಕೂ ಜಾಸ್ತಿ ದಿನಾ ಬಳಸಿದ ಮೇಲೆ ಹೇಳ್ತಿದ್ದೇನೆ.

ಬೀದರ್ ಊರ ಹೊರಗೆ ತಿಗರಿ ಹಾಕಿಕೊಂಡಿರುವ ಒಬ್ಬ ಹುಡುಗಿ ಇವನ್ನು ಮಾಡುತ್ತಾಳೆ. ಅಳತೆ, ಬಣ್ಣಗಳ ವಿವರ ಆಕೆಯ ಪಟ್ಟಿಯಲ್ಲೇ ಇದೆ, ಇಲ್ಲಿ ಮತ್ತೆ ಬರೆಯುವುದಿಲ್ಲ. ನಾನು ತಗೊಂಡದ್ದು ಎರಡು ಊಟದ ತಟ್ಟೆ, ನಾಲ್ಕು ಕಪ್. ತಟ್ಟೆಗೆ 900, ಕಪ್‌ಗೆ 450 ರೂಪಾಯಿ. ನಮ್ಮದು ಒಬ್ಬರ ಸಂಬಳದ ಮನೆ. ಆ ದುಡ್ಡಿಗೆ ಕಲಬುರಗಿಯ ಪಾತ್ರೆ ಅಂಗಡಿಯಲ್ಲಿ ಮನೆಮಂದಿಗೆಲ್ಲ ಸ್ಟೀಲ್ ತಟ್ಟೆ ಬರುತ್ತಿದ್ದವು. ಹಾಗಾಗಿ ನನ್ನ ನಿರೀಕ್ಷೆ ದೊಡ್ಡದಾಗಿಯೇ ಇತ್ತು.

ತಟ್ಟೆ ಆ ನಿರೀಕ್ಷೆ ಉಳಿಸಿಕೊಂಡಿತು. ಅಂಚು ಬೆರಳಿನಷ್ಟು ಎತ್ತರ ಇದೆ. ಎಣ್ಣೆಗಾಯಿ ರಸ ಆಚೆ ಹರಿಯುವುದಿಲ್ಲ. ಕಟಕ್ ರೊಟ್ಟಿ ಮುರಿದು ಪುಂಡಿ ಪಲ್ಯ ಹಚ್ಚಿಕೊಳ್ಳುವಾಗ ಅಂಚಿಗೆ ಒತ್ತಿ ಎತ್ತಬಹುದು. ಒಂದು ಕಡೆ ಶೇಂಗಾ ಹಿಂಡಿ, ಅದರ ಮೇಲೆ ಗಟ್ಟಿ ಮೊಸರು ಹಾಕಿ ಬೆರಳಲ್ಲಿ ಕಲಸುತ್ತೇನಲ್ಲ, ಆಗ ತಳದಲ್ಲಿ ಸುರುಳಿ ಸುರುಳಿಯಾಗಿ ಗೆರೆ ಸಿಗುತ್ತವೆ. ತಿಗರಿ ತಿರುಗುವಾಗ ಆಕೆಯ ಬೆರಳು ಮೂಡಿಸಿದ ಗೆರೆ ಅವು. ಊಟದ ಕೊನೆಗೆ ತಟ್ಟೆ ಸವರಿ ತಿನ್ನುವಾಗ ನನ್ನ ಬೆರಳು ಅದೇ ದಾರಿಯಲ್ಲಿ ಹೋಗುತ್ತದೆ. ಈ ಸುಖ ನನಗೆ ಇನ್ನೂ ಹಳತಾಗಿಲ್ಲ.

ಪುಂಡಿ ಪಲ್ಯ ಹುಳಿ. ಹುಳಿ ತಗುಲಿದರೆ ಕೆಲವು ಗ್ಲೇಜ್, ಅಂದರೆ ಮಣ್ಣಿನ ಮೇಲಿನ ಗಾಜಿನಂಥ ಹೊಳಪು ಪದರ, ಕರಗುತ್ತವೆ ಅನ್ನುವ ಭಯ ಇತ್ತು. ನಿಂಬೆ ಹೋಳನ್ನು ರಾತ್ರಿಯಿಡೀ ತಟ್ಟೆ ಮೇಲೆ ಬೋರಲು ಹಾಕಿಟ್ಟೆ. ಬೆಳಿಗ್ಗೆ ಬಣ್ಣ ಒಂಚೂರೂ ಮಾಸಿರಲಿಲ್ಲ. ನೀಲಿಯೇ ನನ್ನ ತಟ್ಟೆಯ ಬಣ್ಣ. ಬೀದರಿನಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ ನೋಡಿ ಆ ನೀಲಿ ಹಿಡಿಯಲು ಹೊರಟಳಂತೆ. 1472ರಲ್ಲಿ ಕಟ್ಟಿದ ಕಟ್ಟಡ ಅದು. ಅಷ್ಟು ಬಿಸಿಲು ಮಳೆ ಕಂಡೂ ಅದರ ಗೋಡೆಯ ಮೇಲೆ ಅಲ್ಲಲ್ಲಿ ಹೆಂಚುಗಳ ಬಣ್ಣ ಉಳಿದಿದೆ.

ಇನ್ನು ಕಪ್. ಮೊದಲ ದಿನಗಳಲ್ಲಿ ನನಗೆ ತಟ್ಟೆಗಿಂತ ಕಪ್ಪೇ ಇಷ್ಟವಾಗಿತ್ತು. ಬೆಳಿಗ್ಗೆ ಎಲ್ಲರೂ ಏಳುವ ಮೊದಲು ಶುಂಠಿ ಜಜ್ಜಿ ಹಾಕಿದ ಚಹಾ, ಎರಡೂ ಕೈಯಲ್ಲಿ ಹಿಡಿದು ಬಾಗಿಲ ಕಟ್ಟೆ ಮೇಲೆ ಕೂರುವುದು. ತುಟಿ ತಾಗುವ ಅಂಚು ನುಣುಪು, ಹಿಡಿಯುವ ಹೊಟ್ಟೆ ಸ್ವಲ್ಪ ಒರಟು. ಬೀದರಿನ ಕೆಂಪು ಮಣ್ಣನ್ನು ಸೋಸಿ, ನೀರಲ್ಲಿ ಕದಡಿ ಹೊರಗೆ ಬಳಿದಿದ್ದಾಳೆ. ಅದರೊಳಗಿನ ಕಬ್ಬಿಣದಿಂದ ಬೆಂಕಿಯಲ್ಲಿ ಅದು ಬೆಲ್ಲದ ಬಣ್ಣಕ್ಕೆ ಬಂದಿದೆ.

ಕೆಲವು ವಾರ ಕಳೆದ ಮೇಲೆ ಎರಡು ಕಪ್‌ನ ಒಳಗೆ ಕೂದಲೆಳೆಯಂಥ ಬಿರುಕು ಕಂಡವು. ಚಹಾ ಅದರಲ್ಲಿ ಇಳಿದು ಕಂದು ಬಲೆ ಹೆಣೆದಂತಾಯಿತು. ಆಮೇಲೆ ತಳ ಬೆವರತೊಡಗಿತು. ಅಡುಗೆಮನೆಯ ಶಹಾಬಾದ್ ಪರಸಿ ಮೇಲೆ ಕಪ್ ಇಟ್ಟು ಎತ್ತಿದರೆ ಒದ್ದೆ ಉಂಗುರ. ಮೈಕ್ರೋವೇವ್‌ನಲ್ಲಿ ಇಟ್ಟರೆ ಚಹಾ ಉಗುರುಬೆಚ್ಚಗೆ, ಕಪ್ ಮಾತ್ರ ಮುಟ್ಟಲಾಗದಷ್ಟು ಬಿಸಿ. ಮೈಯೊಳಗೆ ಹೀರಿಕೊಂಡ ನೀರೇ ಕಾಯುತ್ತಿತ್ತು.

ಫೋನ್ ಮಾಡಿದೆ. "ಮಣ್ಣು ಉಸುರಾಡ್ತದ್ರಿ ಅಕ್ಕಾ, ಅದರ ಸ್ವಭಾವ ಅದು. ಬಿರುಕಿನ್ಯಾಗೂ ಒಂದು ಚೆಲುವು ಅದ" ಅಂದಳು.

ನನಗೆ ನಿಜಕ್ಕೂ ಬೇಸರವಾಯಿತು. ಆಕೆಯ ಭಕ್ತಿಯ ಬಗ್ಗೆ ನನಗೆ ಅನುಮಾನ ಇಲ್ಲ. ಮಣ್ಣನ್ನು ಹಣೆಗೆ ಒತ್ತಿಕೊಂಡೇ ತಿಗರಿಗೆ ಇಡುತ್ತಾಳೆ. ಕೆಲಸ ಮುಗಿಯುವ ತನಕ ಮಾತಾಡುವುದಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಮೊದಲು ಎತ್ತು ಮಾಡಿ ಪೂಜೆಗಿಟ್ಟು, ಆಮೇಲೆ ಬೇರೆ ಕೆಲಸ. ಇದೆಲ್ಲ ನೋಡಿಯೇ ನಾನು ಕೊಂಡದ್ದು. ಆದರೆ ಉಸಿರಾಡಬೇಕಾದ್ದು ಹರವಿ, ಕುಡಿಯುವ ನೀರಿನ ಮಡಕೆ. ನಮ್ಮ ಕುಂಬಾರರು ಹರವಿಯನ್ನು ಸಾವಿರ ಡಿಗ್ರಿಯೊಳಗೇ ಸುಡುತ್ತಾರೆ, ಮೈಯಲ್ಲಿ ರಂಧ್ರ ಉಳಿಯುತ್ತವೆ. ನೀರು ಜಿನುಗಿ, ಗಾಳಿಗೆ ಆವಿಯಾಗಿ, ಒಳಗಿನ ನೀರು ತಂಪಾಗುತ್ತದೆ. ಕಲಬುರಗಿಯ ಬಿಸಿಲು 42 ಡಿಗ್ರಿ ದಾಟಿದಾಗ ಆ ಬೆವರೇ ನಮಗೆ ಆಸರೆ. ಕಪ್‌ನ ಧರ್ಮ ಬೇರೆ. ಸ್ಟೋನ್‌ವೇರ್, ಅಂದರೆ ಕಲ್ಲಿನಂತೆ ಗಟ್ಟಿಯಾಗಿ ಸುಟ್ಟ ಮಣ್ಣು, ಅಂತ ಮಾರಿದ ಮೇಲೆ ಅದು 1200 ಡಿಗ್ರಿ ಮೇಲೆ ಬೆಂದು, ಮೈ ಮುಚ್ಚಿಕೊಂಡಿರಬೇಕು. ಎರಡಕ್ಕೂ ಒಂದೇ ಮಾತು ಹೇಳಿದರೆ ಮಣ್ಣಿಗೇ ಅನ್ಯಾಯ ಅಲ್ವಾ?

ಇದನ್ನೇ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಕಪ್ ತೂಕ ಮಾಡಿ ಕಳಿಸಿರಿ ಅಂದಳು. ಚೆನ್ನಾಗಿ ಒಣಗಿಸಿ ತೂಗಿದೆ: 312 ಗ್ರಾಂ. ರಾತ್ರಿಯಿಡೀ ನೀರಲ್ಲಿ ಮುಳುಗಿಸಿ, ಒರೆಸಿ ತೂಗಿದೆ: 331. ಅಂದರೆ ನೂರಕ್ಕೆ ಆರರಷ್ಟು ನೀರು ಕುಡಿದಿತ್ತು. ಒಳ್ಳೆಯ ಸ್ಟೋನ್‌ವೇರ್‌ನಲ್ಲಿ ಇದು ಎರಡು ಮೂರರೊಳಗೆ ಇರಬೇಕು.

ಆಮೇಲೆ ಆಕೆ ಮಾತಾಡಿದ ರೀತಿಯೇ ಬದಲಾಯಿತು. ಆ ಎರಡೂ ಭಟ್ಟಿಯ ಕೆಳಗಿನ ಹಲಗೆಯಲ್ಲಿದ್ದವು, ಅಲ್ಲಿಗೆ ಕಾವು ಕಡಿಮೆ ತಲುಪಿದೆ ಅಂತ ಒಪ್ಪಿಕೊಂಡಳು. ಬಿರುಕಿನ ಕಾರಣವನ್ನೂ ಬಿಡಿಸಿ ಹೇಳಿದಳು. ಸುಟ್ಟ ಮೇಲೆ ತಣ್ಣಗಾಗುವಾಗ ಗ್ಲೇಜ್ ಮಣ್ಣಿಗಿಂತ ಜಾಸ್ತಿ ಕುಗ್ಗಿದರೆ ಮೇಲಿನ ಪದರ ಬಿರಿಯುತ್ತದೆ. ಎರಡು ಹೊಸ ಕಪ್ ಕಳಿಸಿದಳು, ದುಡ್ಡು ಕೇಳಲಿಲ್ಲ.

ಹೊಸ ಕಪ್ ಕೊಡುವ ಮೊದಲು ಒಂದೊಂದನ್ನೂ ಬೆರಳಿನಿಂದ ಬಾರಿಸಿ ಕೇಳಿಸಿಕೊಳ್ಳುತ್ತಾಳಂತೆ. ಭಾಲ್ಕಿಯ ಕುಂಬಾರ ಗುಂಡಯ್ಯ ಮಡಕೆ ಬಾರಿಸುತ್ತ ಕುಣಿದರೆ ಶಿವನೇ ಜೊತೆಗೆ ಕುಣಿದ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಆಕೆಗೆ ಅದು ಪೂಜೆ. ಸಂತೆಯಲ್ಲಿ ಹರವಿ ಬಾರಿಸಿ ಕೊಳ್ಳುವ ನಮ್ಮ ಅವ್ವನಿಗೆ ಅದು ಪರೀಕ್ಷೆ. ಹದವಾಗಿ ಬೆಂದದ್ದು ಟಣ್ ಅನ್ನುತ್ತದೆ, ಬಿರಿದದ್ದು ಮಂಕಾಗಿ ದಡ್ ಅನ್ನುತ್ತದೆ. ನಾನೂ ಮನೆಯಲ್ಲಿ ಬಾರಿಸಿ ನೋಡಿದೆ. ಹೊಸ ಎರಡರ ದನಿ ಸ್ಪಷ್ಟವಾಗಿದೆ. ಒಂದು ಮಳೆಗಾಲ ಕಳೆದಿದೆ, ತಳ ಒದ್ದೆಯಾಗಿಲ್ಲ.

ಸಣ್ಣ ಮಾತು ಎರಡಿವೆ. ಕಪ್ ನಮ್ಮ ಕಡೆಯ ಚಹಾಕ್ಕೆ ದೊಡ್ಡದು, ಅರ್ಧವೇ ತುಂಬುತ್ತದೆ. ಪಾದಕ್ಕೆ ಗ್ಲೇಜ್ ಇಲ್ಲ, ಮರದ ಟೇಬಲ್ ಗೀರುತ್ತದೆ. ಕೆಳಗೆ ಬಟ್ಟೆ ಹಾಕಿ.

ಹಳೆಯ ಎರಡರಲ್ಲಿ ಈಗ ತುಳಸಿ ಸಸಿ ಇವೆ. ಮುಂದಿನ ಭಟ್ಟಿಗೆ ಮುಚ್ಚಳ ಇರುವ ಮೊಸರಿನ ಬಟ್ಟಲು ಹೇಳಿದ್ದೇನೆ. ನೆನೆಸಿ ತೂಗಿದ ಲೆಕ್ಕವನ್ನು ತಳದಲ್ಲಿ ಬರೆದು ಕೊಡಬೇಕು ಅಂತ ಕೇಳಿದೆ. "ಬರೀತೀನ್ರಿ ಅಕ್ಕಾ, ಎಲ್ಲಾದಕ್ಕೂ ಬರೀತೀನಿ" ಅಂದಿದ್ದಾಳೆ. ನೀವು ತಗೊಳ್ಳುವಾಗಲೂ ಆ ಲೆಕ್ಕ ಕೇಳಿ.