ಲೈಕ್ ಇಲ್ಲದ ಕಡೆ ಹತ್ತು ವರ್ಷ: ವಿಕಿಮೀಡಿಯ ಕಾಮನ್ಸ್ ಬಳಸಿದ ಅನುಭವ

ನಮ್ಮ ದೊಡ್ಡಮ್ಮನ ಮನೆಯ ಅಟ್ಟದ ಚಿತ್ರದಿಂದಲೇ ಶುರು ಮಾಡುತ್ತೇನೆ. ತಿಪಟೂರಿನಿಂದ ಅರ್ಧ ಗಂಟೆಯ ದಾರಿ, ಹಳೆಯ ಹೆಂಚಿನ ಮನೆ. ಅಟ್ಟದ ತುಂಬ ಸುಲಿಯದ ತೆಂಗಿನಕಾಯಿ. ಗಾಜಿನ ಹೆಂಚೊಂದರಿಂದ ಬಿಸಿಲು ಕೋಲಿನಂತೆ ಇಳಿದಿದೆ, ಅದರಲ್ಲಿ ಒಲೆಯ ಹೊಗೆ ಸುತ್ತುತ್ತಿದೆ. ದೊಡ್ಡಮ್ಮ ಬೆನ್ನು ಬಗ್ಗಿಸಿ ಕುಳಿತು ಒಂದು ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಿದ್ದಾರೆ. ಒಳಗೆ ನೀರು ಪೂರ್ತಿ ಬತ್ತಿ ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಗಡಗಡ ಎನ್ನುತ್ತದೆ. ಇನ್ನೂ ನೀರಿದ್ದರೆ ಸದ್ದೇ ಬೇರೆ. ನಮ್ಮ ಕಡೆಯ ಉಂಡೆ ಕೊಬ್ಬರಿ ಆಗುವುದು ಹೀಗೆ, ಸುಮಾರು ಒಂದು ವರ್ಷ ಅಟ್ಟದಲ್ಲಿ ಕೂತು. ಕರಾವಳಿಯಲ್ಲಿ ಕಾಯಿ ಒಡೆದು ಬಿಸಿಲಿಗೆ ಹರವಿದಂತೆ ಅಲ್ಲ.

ಆ ಚಿತ್ರವನ್ನು ಮೊದಲು ಹಾಕಿದ್ದು ಎಲ್ಲರೂ ಬಳಸುವ ಒಂದು ಸಾಮಾಜಿಕ ಜಾಲತಾಣದಲ್ಲಿ. ಅರವತ್ತೊಂದು ಲೈಕ್, ಹನ್ನೆರಡು ‘ಸೂಪರ್ ಸರ್’, ಒಂದು ‘ಯಾವ ಕ್ಯಾಮೆರಾ?’. ಮೂರನೆಯ ದಿನಕ್ಕೆ ಅದು ಮುಳುಗಿಹೋಯಿತು. ಇಂದು ಹುಡುಕಿದರೆ ನನಗೇ ಸಿಗುವುದಿಲ್ಲ. ಅದೇ ಚಿತ್ರವನ್ನು, ಯಾರು ಬೇಕಾದರೂ ಬಳಸಬಹುದಾದ ಚಿತ್ರಗಳ ಸಂಗ್ರಹವಾದ ವಿಕಿಮೀಡಿಯ ಕಾಮನ್ಸ್‌ಗೆ ಹಾಕಿದಾಗ ಏಳು ತಿಂಗಳು ಒಂದು ನರಪಿಳ್ಳೆಯೂ ಮಾತಾಡಿಸಲಿಲ್ಲ. ಆಮೇಲೆ ಯಾರೋ ಅದನ್ನು ಕೊಬ್ಬರಿಯ ವರ್ಗಕ್ಕೆ, ಅಂದರೆ ಆ ವಿಷಯದ ಚಿತ್ರಗಳ ಗುಂಪಿಗೆ, ಸೇರಿಸಿದರು. ಇನ್ನಾರೋ ನನಗೆ ಲಿಪಿಯೂ ಓದಲು ಬಾರದ ಭಾಷೆಯೊಂದರ ವಿಕಿಪೀಡಿಯ ಲೇಖನಕ್ಕೆ ಅಂಟಿಸಿದರು. ಚಿತ್ರದ ಪುಟದ ಕೆಳಗೆ ಅದು ಎಲ್ಲೆಲ್ಲಿ ಬಳಕೆಯಾಗಿದೆ ಎಂಬ ಪಟ್ಟಿ ಬರುತ್ತದೆ. ಆ ಪಟ್ಟಿಯನ್ನು ದೊಡ್ಡಮ್ಮನಿಗೆ ತೋರಿಸಿದೆ. “ಅಲ್ಲಿಯವರಿಗೆ ನಮ್ಮ ಅಟ್ಟ ಯಾಕಂತೆ?” ಎಂದರು. ಉತ್ತರ ಹೊಳೆಯಲಿಲ್ಲ.

ತಿಳಿಯದವರಿಗಾಗಿ ಎರಡು ಮಾತು. ಕಾಮನ್ಸ್ ಶುರುವಾದದ್ದು 2004ರ ಸೆಪ್ಟೆಂಬರಿನಲ್ಲಿ. ವಿಕಿಪೀಡಿಯ ನಡೆಸುವ ಪ್ರತಿಷ್ಠಾನವೇ ಇದನ್ನೂ ನಡೆಸುತ್ತದೆ. ಜಾಹೀರಾತಿಲ್ಲ, ಚಂದಾ ಇಲ್ಲ. 2023ರ ಹೊತ್ತಿಗೆ ಹತ್ತು ಕೋಟಿ ಕಡತಗಳನ್ನು ದಾಟಿತ್ತು. ಕನ್ನಡ ವಿಕಿಪೀಡಿಯದಲ್ಲಿ ನೀವು ನೋಡುವ ಬಹುಪಾಲು ಚಿತ್ರಗಳು ಇರುವುದು ಇಲ್ಲಿಯೇ. ನಾನು ಖಾತೆ ತೆರೆದದ್ದು 2014ರಲ್ಲಿ. ಇಲ್ಲಿಯವರೆಗೆ ಎರಡು ಸಾವಿರದ ಮುನ್ನೂರು ಚಿಲ್ಲರೆ ಚಿತ್ರ ಹಾಕಿದ್ದೇನೆ. ವೃತ್ತಿಯಿಂದ ಬ್ಯಾಂಕ್ ಗುಮಾಸ್ತ, ಕ್ಯಾಮೆರಾ ಎರಡನೇ ಕೈಯದು, ಅದರ ಜೊತೆ ಬಂದ 18-55 ಲೆನ್ಸೇ ಇಂದಿಗೂ ಗತಿ.

ಇಲ್ಲಿಗೆ ಬಂದದ್ದು ಪೆಟ್ಟು ತಿಂದು. ಮೊದಲು ನನ್ನ ಚಿತ್ರಗಳೆಲ್ಲ ಒಂದು ಉಚಿತ ಫೋಟೊ ತಾಣದಲ್ಲಿದ್ದವು. ಹೆಸರು ಹೇಳಿ ಪ್ರಯೋಜನವಿಲ್ಲ, ಅದೇ ಈಗ ಇಲ್ಲ. ಬಾಗಿಲು ಹಾಕುತ್ತೇವೆ ಎಂದು ಅವರು ಕಳಿಸಿದ ಮಿಂಚಂಚೆ ನನ್ನ ಕಸದ ಡಬ್ಬಿಯಲ್ಲಿ ಮಲಗಿತ್ತು. ನೋಡುವ ಹೊತ್ತಿಗೆ ನಾಲ್ಕು ವರ್ಷದ ಚಿತ್ರಗಳು ಹೋಗಿದ್ದವು. ನಂಬಿಕೊಂಡಿದ್ದ ಹಾರ್ಡ್ ಡಿಸ್ಕ್ ಅದೇ ಬೇಸಿಗೆಯಲ್ಲಿ ಕೈಕೊಟ್ಟಿತು. ತಂಗಿಯ ಮಗಳ ನಾಮಕರಣದಿಂದ ಹಿಡಿದು ಊರಿನ ಕೆರೆ ಕೋಡಿ ಬಿದ್ದ ದಿನದವರೆಗೆ ಎಲ್ಲವೂ ಹೋಯಿತು.

ಈಗ ಬಳಕೆಯ ವಿಷಯ. ಚಿತ್ರ ಏರಿಸುವುದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಕೈಹಿಡಿದು ನಡೆಸುವ ಪುಟ ಇದೆ. ಕಡತ ಆರಿಸಿ, ಇದು ನನ್ನದೇ ಎಂದು ಹೇಳಿ, ಪರವಾನಗಿ ಒಪ್ಪಿ, ಹೆಸರು, ವಿವರ, ದಿನಾಂಕ, ವರ್ಗ ಬರೆಯಬೇಕು. ಕೇಳಲು ಸರಳ. ಮೊದಲ ದಿನ ಹನ್ನೆರಡು ಚಿತ್ರಕ್ಕೆ ನನಗೆ ಎರಡು ಗಂಟೆ ಬೇಕಾಯಿತು. ಉಳಿದ ಕಡೆ ‘ಶುಭ ಸಂಜೆ’ ಎಂದು ಬರೆದರೆ ಸಾಕು. ಇಲ್ಲಿ ಸಂಜೆ ಎಲ್ಲಿಯದು, ಎಂದಿನದು, ಚಿತ್ರದಲ್ಲಿರುವ ಮರ ಯಾವುದು ಎಂದು ಬರೆಯಬೇಕು. ಬೇವೋ ಹೊಂಗೆಯೋ ಗೊತ್ತಿಲ್ಲದೆ ಕೈ ನಿಂತುಹೋಗುತ್ತದೆ. ಅಷ್ಟು ವರ್ಷ ಅದೇ ಮರದ ಕೆಳಗೆ ಬಸ್ಸಿಗೆ ಕಾದಿದ್ದೆ, ಹೆಸರು ತಿಳಿದಿರಲಿಲ್ಲ!

ನನ್ನ ಚಿತ್ರ ತೆಗೆಯುವ ರೀತಿಯನ್ನೇ ಬದಲಿಸಿದ್ದು ಈ ವಿವರದ ಕಾಟ. ಈಗ ಯಾವ ಊರಿಗೆ ಹೋದರೂ ಮೊದಲು ಊರಿನ ಬೋರ್ಡಿನದೊಂದು ಚಿತ್ರ ತೆಗೆದುಬಿಡುತ್ತೇನೆ. ಮನೆಗೆ ಬಂದು ನೋಡುವಾಗ ಅಲ್ಲಿಂದ ಮುಂದಿನ ಬೋರ್ಡಿನವರೆಗೆ ಎಲ್ಲವೂ ಆ ಊರಿನವು. ಜೇಬಿನಲ್ಲಿ ಸಣ್ಣ ನೋಟ್‌ಪುಸ್ತಕ ಬಂದಿದೆ. ದೇವಸ್ಥಾನದ ಅರ್ಚಕರನ್ನು, ಹೊಲದಲ್ಲಿದ್ದವರನ್ನು ಮಾತಾಡಿಸುವುದು ಹೆಚ್ಚಾಗಿದೆ. ಕ್ಯಾಮೆರಾದ ಗಡಿಯಾರವನ್ನೂ ನೋಡಿಕೊಳ್ಳುತ್ತೇನೆ: ಒಮ್ಮೆ ಬ್ಯಾಟರಿ ಪೂರ್ತಿ ಇಳಿದು ದಿನಾಂಕ ಹಿಂದಕ್ಕೆ ಹೋಗಿದ್ದು ಗೊತ್ತಾಗದೆ, 2016ರ ಜಾತ್ರೆಯ ಎಂಬತ್ತು ಚಿತ್ರಗಳು 2012ರ ಜಾತ್ರೆಯಾಗಿ ದಾಖಲಾದವು. ಎಂಬತ್ತನ್ನೂ ಒಂದೊಂದಾಗಿ ತಿದ್ದಿದೆ.

ತಿದ್ದುವವರ ಬಗ್ಗೆ ಹೇಳಲೇಬೇಕು. ಅರಸೀಕೆರೆಯ ಶಿವಾಲಯದ ನಕ್ಷತ್ರಾಕಾರದ ಮಂಟಪ ನೋಡಿಕೊಂಡು ಬರುವಾಗ ಹಳ್ಳಿಯೊಂದರ ಬೇಲಿಯ ಪಕ್ಕ ಒಂದು ಕಲ್ಲು ಕಂಡಿತು. ಅರ್ಧ ಮಣ್ಣಿನಲ್ಲಿ ಹೂತಿತ್ತು, ಮೇಲೆ ಯಾರೋ ಕುಂಕುಮ ಬಳಿದಿದ್ದರು. ಚಿತ್ರ ತೆಗೆದು ‘ವೀರಗಲ್ಲು’ ಎಂದು ಬರೆದು ಹಾಕಿದೆ. ಎರಡು ವಾರ ಬಿಟ್ಟು ನನ್ನ ಚರ್ಚಾಪುಟದಲ್ಲಿ ಕನ್ನಡದಲ್ಲೇ ಒಂದು ಟಿಪ್ಪಣಿ: “ಸರ್, ಎಡಗಡೆ ಮೇಲೆ ನೋಡಿ. ಕಂಬದಿಂದ ಹೊರಟ ಕೈ ಇದೆ, ಮೊಣಕೈ ಮಡಚಿದೆ, ಬಳೆ ಇದೆ. ಇದು ಮಾಸ್ತಿಕಲ್ಲು.” ದೊಡ್ಡದು ಮಾಡಿ ನೋಡಿದೆ. ಹೌದು, ಬಳೆ. ಬೆರಳುಗಳ ನಡುವೆ ನಿಂಬೆಹಣ್ಣೂ ಇತ್ತು. ಕಲ್ಲಿನ ಮುಂದೆ ಹತ್ತು ನಿಮಿಷ ನಿಂತವನು ನಾನು, ಬೆಳಕು ಸರಿಯಾಗಲಿ ಎಂದು ಕಾದವನು ನಾನು, ಆ ಕೈಯನ್ನು ಕಂಡಿರಲಿಲ್ಲ. ಎಲ್ಲಿಯೋ ಕುಳಿತು ಪರದೆಯ ಮೇಲೆ ನೋಡಿದವರು ಕಂಡರು. ಗಂಡ ಸತ್ತ ಮೇಲೆ ಚಿತೆಯೇರಿದ ಹೆಣ್ಣಿನ ಕಲ್ಲಿಗೆ ಯುದ್ಧದಲ್ಲಿ ಸತ್ತ ಗಂಡಿನ ಹೆಸರು ಬರೆದಿದ್ದೆ. ಅಂದು ಸಂಜೆಯೇ ಶೀರ್ಷಿಕೆ ಬದಲಿಸಿದೆ. ಆ ಹನ್ನೆರಡು ‘ಸೂಪರ್’ಗಳಲ್ಲಿ ಒಂದೂ ನನಗೆ ಇಂಥದ್ದನ್ನು ಕಲಿಸಿರಲಿಲ್ಲ.

ಅಳಿಸಿಹಾಕುವುದೂ ಇದೆ, ಹೊಸಬರು ಮುನಿಸಿಕೊಂಡು ಹೋಗುವುದು ಇಲ್ಲಿಯೇ. ನನ್ನ ಒಂಬತ್ತು ಚಿತ್ರಗಳು ಹೋಗಿವೆ, ಒಂಬತ್ತೂ ನನ್ನದೇ ತಪ್ಪು. ಒಂದು ಕಾಂಪೌಂಡ್ ಗೋಡೆಯ ಮೇಲೆ ಕಲಾವಿದರೊಬ್ಬರು ಬರೆದ ಯಕ್ಷಗಾನದ ದೊಡ್ಡ ವೇಷದ ಚಿತ್ರ. ಬೀದಿಯಲ್ಲಿರುವುದು ಎಲ್ಲರದೂ ಎಂದುಕೊಂಡಿದ್ದೆ. ನಮ್ಮ ದೇಶದ ಕೃತಿಸ್ವಾಮ್ಯ ಕಾಯಿದೆ ಹಾಗೆ ಹೇಳುವುದಿಲ್ಲ: ಸಾರ್ವಜನಿಕ ಜಾಗದಲ್ಲಿ ಶಾಶ್ವತವಾಗಿ ನಿಲ್ಲಿಸಿದ ಶಿಲ್ಪದ, ಕಟ್ಟಡದ ಫೋಟೊ ತೆಗೆದು ಹಂಚಬಹುದು, ಗೋಡೆಗೆ ಬರೆದ ಚಿತ್ರದ್ದಾದರೆ ಬರೆದವರ ಹಕ್ಕು ಅವರದೇ. ಹಾಗಾಗಿ ವೃತ್ತದಲ್ಲಿರುವ ಪ್ರತಿಮೆ ಉಳಿಯಿತು, ಯಕ್ಷಗಾನದ ವೇಷ ಹೋಯಿತು. ಸಿನಿಮಾ ಪೋಸ್ಟರ್ ಅಂಟಿಸಿದ ಗೋಡೆ, ಪುಸ್ತಕದ ಮುಖಪುಟ ತುಂಬಿದ ಅಂಗಡಿಯ ಕಪಾಟು, ಇವೂ ಹೀಗೆಯೇ. ಮೊದಲು ಸಿಟ್ಟು ಬಂತು. ನನ್ನ ಚಿತ್ರವನ್ನು ಬೇರೆಯವರು ಕೇಳದೆ ಬಳಸಿದಾಗ ಬಂದ ಸಿಟ್ಟನ್ನು ನೆನೆದು ಸುಮ್ಮನಾದೆ.

ಆ ಕಥೆಯೂ ಕೇಳಿ. ಕಾಮನ್ಸ್‌ನಲ್ಲಿ ನಾನು ಹಾಕುವುದು ಕ್ರಿಯೇಟಿವ್ ಕಾಮನ್ಸ್ ಬಿವೈ-ಎಸ್ಎ 4.0 ಪರವಾನಗಿಯಲ್ಲಿ. ಯಾರು ಬೇಕಾದರೂ ಬಳಸಬಹುದು, ದುಡ್ಡು ಮಾಡಲೂ ಬಳಸಬಹುದು, ನನಗೆ ಕೊಡಬೇಕಿಲ್ಲ. ನನ್ನ ಹೆಸರು ಮತ್ತು ಪರವಾನಗಿ ನಮೂದಿಸಬೇಕು, ಚಿತ್ರವನ್ನು ಬದಲಿಸಿ ಹಂಚಿದರೆ ಅದನ್ನೂ ಇದೇ ಷರತ್ತಿಗೆ ಬಿಡಬೇಕು. ಒಂದು ಪತ್ರಿಕೆ ನನ್ನ ಶಿವಾಲಯದ ಚಿತ್ರವನ್ನು ಅರ್ಧ ಪುಟಕ್ಕೆ ಹಾಕಿ ಕೆಳಗೆ ‘ಕೃಪೆ: ಅಂತರ್ಜಾಲ’ ಎಂದು ಮುದ್ರಿಸಿತು. ಅಂತರ್ಜಾಲ ಎಂಬಾತ ಬೆಳಗಿನ ಆರು ಗಂಟೆಯ ಬಸ್ ಹಿಡಿದು ಹೋಗಿ ಚಿತ್ರ ತೆಗೆದಂತೆ! ಪತ್ರ ಬರೆದೆ, ಉತ್ತರ ಬರಲಿಲ್ಲ. ಇನ್ನೊಂದು ಕಡೆ ಸಣ್ಣ ಮುದ್ರಣಾಲಯವೊಂದು ಕ್ಯಾಲೆಂಡರ್‌ಗೆ ಬಳಸಿ, ಮೂಲೆಯಲ್ಲಿ ಎಲ್ಲವನ್ನೂ ಸರಿಯಾಗಿ ಬರೆದು, ಎರಡು ಪ್ರತಿ ಅಂಚೆಯಲ್ಲಿ ಕಳಿಸಿತು. ಕಳಿಸಬೇಕೆಂಬ ನಿಯಮವೇನೂ ಇರಲಿಲ್ಲ.

ಹಾಗಾಗಿ ‘ವಾಣಿಜ್ಯಕ್ಕೆ ಬಳಸಬಾರದು’ ಎನ್ನುವವರಿಗೆ ಇದು ಆಗಿಬರುವುದಿಲ್ಲ, ಅಂಥ ಪರವಾನಗಿಯನ್ನು ಇಲ್ಲಿ ತೆಗೆದುಕೊಳ್ಳುವುದೇ ಇಲ್ಲ. ಒಮ್ಮೆ ಕೊಟ್ಟ ಪರವಾನಗಿ ಕೊಟ್ಟಂತೆಯೇ, ನಾಳೆ ಮನಸ್ಸು ಬದಲಾಯಿತು ಎಂದು ಹಿಂದಕ್ಕೆ ಪಡೆಯುವಂತಿಲ್ಲ. ನನ್ನ ಲೆಕ್ಕ ಸರಳ: ಸ್ಪರ್ಧೆಗೆ ಕಳಿಸಬೇಕು, ಮಾರಬೇಕು ಎನ್ನಿಸಿದ ಹತ್ತಿಪ್ಪತ್ತು ಚಿತ್ರ ನನ್ನಲ್ಲೇ ಇರುತ್ತವೆ. ಉಳಿದವು ಪೆಟ್ಟಿಗೆಯಲ್ಲಿ ಕೊಳೆಯುವುದಕ್ಕಿಂತ ಅಲ್ಲಿರಲಿ. ಚಿತ್ರದ ಮೇಲೆ ‘ಇಂಥವರ ಫೋಟೊಗ್ರಫಿ’ ಎಂದು ಬಳ್ಳಿ ಬಳ್ಳಿಯಾಗಿ ಬರೆಯುವ ಚಟವಿದ್ದವರು ಅದನ್ನೂ ಬಿಟ್ಟು ಬರಬೇಕು. ಹೆಸರಿಗೆ ಪುಟದಲ್ಲೇ ಜಾಗ ಇದೆ.

ಮನೆಯ ಆಲ್ಬಂ ಇಡಲು ಇದು ಜಾಗವಲ್ಲ. ನಾಮಕರಣದ ಚಿತ್ರಗಳಿಗೆ ಈಗ ಎರಡು ಹಾರ್ಡ್ ಡಿಸ್ಕ್, ಒಂದು ತಂಗಿಯ ಮನೆಯಲ್ಲಿ. ಕಾಮನ್ಸ್ ಕೇಳುವುದು ಬೇರೆಯವರು ನೋಡಿ ಏನಾದರೂ ತಿಳಿಯಬಹುದಾದ ಚಿತ್ರವನ್ನು. ತಮಾಷೆಯೆಂದರೆ, ಸುಂದರ ಸೂರ್ಯಾಸ್ತಕ್ಕಿಂತ ಇಲ್ಲಿ ಬಸ್ ನಿಲ್ದಾಣಕ್ಕೆ ಬೆಲೆ ಹೆಚ್ಚು. ನನ್ನ ಸೂರ್ಯಾಸ್ತಗಳು ಬೇರೆ ಸಾವಿರಾರು ಸೂರ್ಯಾಸ್ತಗಳ ಜೊತೆ ಮಲಗಿವೆ. ರಾಗಿ ಕಣದ ರೋಣಗಲ್ಲು, ರೈಲ್ವೆ ಗೇಟಿನ ಚಕ್ರ, ಕೊಬ್ಬರಿ ಹರಾಜಿನ ಅಂಗಳದಲ್ಲಿ ಚೀಲದ ಮೇಲೆ ಕೂತು ಚಹಾ ಕುಡಿಯುವ ಹಮಾಲರು, ಇವನ್ನು ಜನ ಹುಡುಕಿಕೊಂಡು ಬರುತ್ತಾರೆ.

ಆಂಡ್ರಾಯ್ಡ್ ಮೊಬೈಲಿಗೆ ಇದರದೇ ಆ್ಯಪ್ ಇದೆ. ಹತ್ತಿರದ ಯಾವ ಜಾಗಕ್ಕೆ ಇನ್ನೂ ಚಿತ್ರವಿಲ್ಲ ಎಂದು ನಕ್ಷೆಯಲ್ಲಿ ತೋರಿಸುತ್ತದೆ. ರೈಲಿಗೆ ಕಾಯುವ ಮುಕ್ಕಾಲು ಗಂಟೆಯಲ್ಲಿ ಸುತ್ತಿಬರಲು ಒಳ್ಳೆಯ ನೆಪ. ಒಂದೇ ಎಚ್ಚರಿಕೆ: ಮೊಬೈಲ್ ಚಿತ್ರದೊಳಗೆ ಸ್ಥಳದ ಅಕ್ಷಾಂಶ ರೇಖಾಂಶ ಅಡಗಿರುತ್ತದೆ. ದೇವಸ್ಥಾನಕ್ಕೆ ಅದು ಬೇಕು. ಹಕ್ಕಿಯ ಗೂಡಿಗೆ, ನಮ್ಮ ಜಿಲ್ಲೆಯ ಕಾಡುಪಾಪಗಳಿಗೆ, ನಿಮ್ಮ ಮನೆಗೆ ಬೇಡ. ಅಂಥ ಚಿತ್ರಗಳಿಂದ ಅದನ್ನು ಏರಿಸುವ ಮುಂಚೆ ಅಳಿಸಿಬಿಡುತ್ತೇನೆ.

ಭಾಷೆಯದು ಅರ್ಧ ಸುಖ. ಚಿತ್ರದ ಅಡಿಬರಹವನ್ನು ಕನ್ನಡದಲ್ಲೇ ಬರೆಯಬಹುದು, 2019ರಿಂದ ಪ್ರತಿ ಭಾಷೆಗೂ ಬೇರೆ ಸಾಲಿದೆ, ಕನ್ನಡದಲ್ಲಿ ಹುಡುಕಿದರೆ ಸಿಗುತ್ತದೆ. ವರ್ಗಗಳ ಹೆಸರು ಮಾತ್ರ ಇಂಗ್ಲಿಷ್, ವಾದವಿವಾದಗಳೂ ಹೆಚ್ಚಾಗಿ ಇಂಗ್ಲಿಷ್. ‘ರೋಣಗಲ್ಲು’ ಎಂಬುದಕ್ಕೆ ಸರಿಯಾದ ವರ್ಗ ಹುಡುಕಲು ಒಂದು ಭಾನುವಾರ ಹೋಯಿತು.

ಅಂಕ ಕೊಡಲೇಬೇಕೆಂದರೆ ಐದಕ್ಕೆ ನಾಲ್ಕು. ಕಳೆದ ಅಂಕ ವರ್ಗಗಳಿಗೆ. ಹೊಗಳಿಕೆ ಬೇಕಾದ ದಿನ ನಾನೂ ಹಳೆಯ ಜಾಲತಾಣಕ್ಕೆ ಹೋಗುತ್ತೇನೆ, ಸುಳ್ಳೇಕೆ ಹೇಳಲಿ.

ಹೊಸದಾಗಿ ಸೇರುವವರಿಗೆ ಕೊನೆಯದಾಗಿ ಒಂದು ಮಾತು: ಬಳಕೆದಾರ ಹೆಸರನ್ನು ಯೋಚಿಸಿ ಇಟ್ಟುಕೊಳ್ಳಿ. ನಾನು ಖಾತೆ ತೆರೆದ ರಾತ್ರಿ ಬೇಸರದಲ್ಲಿ ಕೈಗೆ ಬಂದದ್ದನ್ನು ಒತ್ತಿ ‘ಕರಟಕ’ ಎಂದು ಇಟ್ಟುಕೊಂಡೆ. ಕ್ಯಾಲೆಂಡರಿನ ಮೂಲೆಯಲ್ಲಿ, ಶಿವಾಲಯದ ಕೆಳಗೆ, ಅದೇ ಅಚ್ಚಾಗಿದೆ: ‘ಚಿತ್ರ: ಕರಟಕ’. ಹೆಸರು ಬದಲಿಸಿಕೊಡಿ ಎಂದು ಕೇಳಲು ಅವಕಾಶ ಇದೆ. ಆದರೆ ಆ ಕ್ಯಾಲೆಂಡರನ್ನು ದೊಡ್ಡಮ್ಮ ಅಡುಗೆಮನೆಯ ಬಾಗಿಲಿಗೆ ತೂಗುಹಾಕಿ, ಬಂದವರಿಗೆಲ್ಲ ಆ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿಯಾಗಿದೆ.