ಹಣ್ಣೆಲೆ ನೋಡಲು ಗ್ರೂಪ್ ರೈಡ್ ಹೋಗುವ ಮುಂಚೆ ಇದನ್ನು ಓದಿ

ಎಲೆ ಹಣ್ಣಾಗುವ ಕಾಲ ಬಂತು ಅಂದರೆ ಬೈಕ್ ಗ್ರೂಪ್‌ಗಳ ಕರೆ ಜಾಸ್ತಿ. ಕೆಂಪು, ಹಳದಿ ಮರಗಳ ನಡುವೆ ಹಳ್ಳಿ ರಸ್ತೆ, ಸಾಲಾಗಿ ಬೈಕುಗಳು, ಅಂಥದ್ದೊಂದು ಫೋಟೋ ಹಾಕಿರುತ್ತಾರೆ. ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಹೋಗಬೇಡಿ ಅನ್ನುತ್ತಿಲ್ಲ. ದುಡ್ಡು ಕಟ್ಟುವ ಮೊದಲು ಒಂದು ವಿಷಯ ವಿಚಾರಿಸಿ: ಸಾಲಿನ ಕೊನೆಯಲ್ಲಿ ಅನುಭವಸ್ಥರು ಯಾರಾದರೂ ಬರುತ್ತಾರಾ? "ಎಲ್ಲರೂ ಒಟ್ಟಿಗೇ ಇರ್ತೀವಿ ಬಿಡಿ" ಅಂತ ಉತ್ತರ ಬಂದರೆ ಆ ರೈಡ್ ಬಿಟ್ಟುಬಿಡಿ. ನಾನು ಹೋಗಿದ್ದ ರೈಡ್‌ನಲ್ಲಿ ನಮ್ಮಲ್ಲೊಬ್ಬರು ಕೇಳಿದಾಗ ಬಂದಿದ್ದು ಇದೇ ಉತ್ತರ.

ನಾವು ಒಟ್ಟು ಹನ್ನೆರಡು ಬೈಕ್. ಆಯೋಜಕರೇ ಲೀಡ್, ಅಂದರೆ ಸಾಲಿನ ಮುಂದೆ ಹೋಗಿ ದಾರಿ ತೋರಿಸುವವರು. ಬ್ರೀಫಿಂಗ್ ಅಂತ ಹೇಳಿದ್ದು ಎರಡೇ ಮಾತು: "ನನ್ನ ಹಿಂದೆ ಬನ್ನಿ, ಓವರ್‌ಟೇಕ್ ಮಾಡಬೇಡಿ." ಕೈಸನ್ನೆಗಳ ಬಗ್ಗೆ ಹೇಳಲಿಲ್ಲ. ಎಲ್ಲೆಲ್ಲಿ ನಿಲ್ಲುತ್ತೇವೆ ಅಂತ ಹೇಳಲಿಲ್ಲ. ಯಾರಿಗೆ ಎಷ್ಟು ಅನುಭವ ಅಂತ ಕೇಳಲೂ ಇಲ್ಲ. ಒಂದು ಕಾಗದಕ್ಕೆ ಮಾತ್ರ ಒಬ್ಬರನ್ನೂ ಬಿಡದೆ ಸಹಿ ಹಾಕಿಸಿಕೊಂಡರು. ಏನಾದರೂ ಆದರೆ ನಿಮ್ಮ ಜವಾಬ್ದಾರಿ ನಿಮ್ಮದೇ ಅನ್ನುವ ಕಾಗದ. ಆ ವಿಷಯದಲ್ಲಿ ಭಾರಿ ಶಿಸ್ತು.

ಬೆಳಿಗ್ಗೆ ಬೇಗ ಹೊರಟರೆ ಬೆಳಕು ಚೆನ್ನಾಗಿರುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ ಅಂತ ಅವರ ಲೆಕ್ಕ. ಆದರೆ ಈ ಕಾಲದಲ್ಲಿ ಸೂರ್ಯ ಮೇಲಕ್ಕೆ ಏರುವುದೇ ಕಡಿಮೆ. ಮರಗಳ ನೆರಳಿನಲ್ಲಿರುವ ರಸ್ತೆ ರಾತ್ರಿಯ ಇಬ್ಬನಿಯಿಂದ ಒದ್ದೆಯಾದರೆ ಮಧ್ಯಾಹ್ನದವರೆಗೂ ಒಣಗುವುದಿಲ್ಲ. ಟೈರ್ ಬೇರೆ ತಣ್ಣಗಿರುತ್ತದೆ, ರಸ್ತೆ ಹಿಡಿಯುವುದಿಲ್ಲ. ಬಿಸಿಲಿನ ರಸ್ತೆಯಿಂದ ಮರಗಳ ಸಾಲಿಗೆ ನುಗ್ಗಿದ ಕೂಡಲೇ ಕಣ್ಣಿಗೆ ಕಾಂಡಗಳ ಸಂದಿಯಿಂದ ಬಿಸಿಲು, ನೆರಳು, ಬಿಸಿಲು, ನೆರಳು. ನೆಲದಲ್ಲಿ ಏನಿದೆ ಅಂತ ಓದಲು ಆಗುವುದಿಲ್ಲ. ಹೆಲ್ಮೆಟ್‌ಗೆ ಕಪ್ಪು ವೈಸರ್ ಹಾಕಿದ್ದವರ ಪಾಡು ಕೇಳಲೇಬೇಡಿ.

ಇನ್ನು ತರಗೆಲೆ. ಮೇಲ್ಪದರ ಗಾಳಿಗೆ ಒಣಗಿ ಗರಿಗರಿ ಕಾಣುತ್ತದೆ. ಅದನ್ನು ನೋಡಿ ಅಡಿಯೂ ಒಣಗಿದೆ ಅಂದುಕೊಳ್ಳುತ್ತೇವೆ. ನಮ್ಮ ಸಾಲಿನ ಹುಡುಗನೊಬ್ಬ ಬಿದ್ದ ಮೇಲೆ ಅದೇ ಜಾಗದಲ್ಲಿ ಬೂಟಿನ ತುದಿಯಿಂದ ಕೆದಕಿ ನೋಡಿದೆ. ಮೇಲೆ ಎರಡು ಬೆರಳು ದಪ್ಪ ಒಣ ಎಲೆ. ಅದರಡಿ ವಾಹನಗಳ ಚಕ್ರಕ್ಕೆ ಸಿಕ್ಕಿ ಕೊಳೆತ ಎಲೆ, ರುಬ್ಬಿದ ಹಿಟ್ಟಿನ ಹಾಗೆ, ಕಂದು ಬಣ್ಣ. ಬೂಟು ಊರಿದರೆ ಕಾಲು ತಾನಾಗಿ ಮುಂದಕ್ಕೆ ಜಾರುತ್ತಿತ್ತು. ಅದರಡಿ ಒಂದು ಸಣ್ಣ ಗುಂಡಿ, ಅಂಚಿನಲ್ಲಿ ಜಲ್ಲಿ. ರಸ್ತೆಯ ಬಿಳಿ ಗೆರೆ ಪೂರ್ತಿ ಮುಚ್ಚಿಹೋಗಿತ್ತು. ಇದೆಲ್ಲ ಇದ್ದದ್ದು ತಿರುವಿನ ಒಳಬದಿಯಲ್ಲಿ, ಬೈಕ್ ವಾಲಿಸುವ ಜಾಗದಲ್ಲಿ. ಎಬಿಎಸ್ ಇದೆಯಲ್ಲ ಅನ್ನಬೇಡಿ. ಎಬಿಎಸ್ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುತ್ತದೆ, ಅಷ್ಟೇ. ರಸ್ತೆಯಲ್ಲಿ ಇಲ್ಲದ ಹಿಡಿತವನ್ನು ಅದು ಎಲ್ಲಿಂದ ತರಬೇಕು?

ಗ್ರೂಪ್ ಅನ್ನುವುದು ಇದನ್ನು ಇನ್ನೂ ಹದಗೆಡಿಸುತ್ತದೆ. ಸ್ವಲ್ಪ ಲೆಕ್ಕ ಮಾಡೋಣ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬೈಕ್ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ತಿರುವು ಜಾಸ್ತಿ ಇರುವ ರಸ್ತೆಯಲ್ಲಿ ಒಬ್ಬರ ಹಿಂದೆ ಒಬ್ಬರು, ಕನಿಷ್ಠ 2 ಸೆಕೆಂಡ್ ಅಂತರ ಬಿಟ್ಟು ಹೋಗಬೇಕು. ಹನ್ನೆರಡು ಬೈಕ್ ಹಾಗೆ ಹೋದರೆ ಸಾಲಿನ ಉದ್ದ ಸುಮಾರು 370 ಮೀಟರ್ ಆಗುತ್ತದೆ. ಹಳ್ಳಿ ರಸ್ತೆಯಲ್ಲಿ ಅಷ್ಟು ದೂರ ಕಾಣುವುದಿಲ್ಲ. ಲೀಡ್ ತಿರುವು ದಾಟಿ ನೇರ ರಸ್ತೆಗೆ ಬಂದು ಆಕ್ಸಿಲರೇಟರ್ ತಿರುಗಿಸುವಾಗ ಹಿಂದಿನವರು ಆ ತಿರುವಿಗೆ ಇನ್ನೂ ಬಂದೇ ಇರುವುದಿಲ್ಲ. ಅವರ ಕಣ್ಣಿಗೆ ಬೀಳುವುದು ಒಂದೇ: ಮುಂದಿನ ಬೈಕ್ ದೂರವಾಗುತ್ತಿದೆ. ಅದನ್ನು ಹಿಡಿಯಬೇಕು ಅಂತ ಒಬ್ಬರು ಸ್ವಲ್ಪ ಜಾಸ್ತಿ ವೇಗ ಹೋದರೆ ಅವರ ಹಿಂದಿನವರು ಇನ್ನೂ ಸ್ವಲ್ಪ ಜಾಸ್ತಿ. ಲೀಡ್ 60ರಲ್ಲಿ ಆರಾಮಾಗಿ ಹೋಗುತ್ತಿದ್ದರೆ ಬಾಲದಲ್ಲಿರುವವರು 80 ಮುಟ್ಟಿರುತ್ತಾರೆ. ಲೀಡ್‌ಗೆ ಇದು ಗೊತ್ತೇ ಆಗುವುದಿಲ್ಲ. ಸಾಮಾನ್ಯವಾಗಿ ಬಾಲದಲ್ಲಿ ಇರುವವರು ಯಾರು? ಹೊಸಬರು. ಸಂಕೋಚದಿಂದ ಹಿಂದೆ ನಿಂತವರು.

ನನ್ನ ಮುಂದೆ ಇದ್ದದ್ದೂ ಅಂಥ ಒಬ್ಬ ಹುಡುಗ. ಎರಡು ತಿರುವು ಕಷ್ಟಪಟ್ಟು ದಾಟಿದ. ಮೂರನೆಯದರಲ್ಲಿ ಅವನ ಬ್ರೇಕ್ ಲೈಟ್ ಹತ್ತಿತು, ಮುಂದಿನ ಚಕ್ರ ಹಾಗೇ ಮಡಚಿಕೊಂಡಿತು. ಶಬ್ದ ಕೇಳುವ ಹೊತ್ತಿಗೆ ಬೈಕ್ ಒಂದು ಕಡೆ, ಹುಡುಗ ಒಂದು ಕಡೆ. ನಾನು ಅಂತರ ಬಿಟ್ಟಿದ್ದರಿಂದ ನೇರವಾಗಿ ನಿಲ್ಲಿಸಲು ಆಯಿತು. ನನ್ನ ಹಿಂದಿನವರೂ ಹೇಗೋ ನಿಂತರು. ಮುಂದೆ ಹೋದ ಒಂಬತ್ತು ಜನರಲ್ಲಿ ಒಬ್ಬರೂ ಕನ್ನಡಿ ನೋಡಲಿಲ್ಲ.

ಹೆಲ್ಮೆಟ್ ತೆಗೆಯಲು ಹೋದ ಹಿಂದಿನವರನ್ನು ತಡೆದೆ. ಇದನ್ನು ನೆನಪಿಡಿ: ಉಸಿರಾಟ ಸರಿಯಾಗಿದ್ದರೆ ಹೆಲ್ಮೆಟ್ ತೆಗೆಯಬೇಡಿ, ಎಳೆದು ಕೂರಿಸಬೇಡಿ, ನೀರು ಕುಡಿಸಬೇಡಿ. ಕತ್ತಿಗೆ ಪೆಟ್ಟಾಗಿದ್ದರೆ ಒಂದು ಸಣ್ಣ ತಿರುಗುವಿಕೆ ಸಾಕು, ಜೀವನಪೂರ್ತಿ ಅನುಭವಿಸಬೇಕಾಗುತ್ತದೆ. ಅಷ್ಟರಲ್ಲಿ ಟ್ರ್ಯಾಕ್ಟರ್‌ನಲ್ಲಿ ಬಂದ ರೈತರೊಬ್ಬರು ಏನೂ ಕೇಳದೆ ಗಾಡಿಯನ್ನು ತಿರುವಿನ ಆಚೆ ಅಡ್ಡ ನಿಲ್ಲಿಸಿ, ಲೈಟ್ ಹಾಕಿ, ಬರುವ ಕಾರುಗಳನ್ನು ತಡೆದರು. ಆಮೇಲೆ ಸಲಿಕೆ ತಂದು ಎಲೆಯನ್ನೆಲ್ಲ ಚರಂಡಿಗೆ ತಳ್ಳಿದರು. "ಪ್ರತಿ ವರ್ಷ ಈ ತಿರುವಲ್ಲಿ ಯಾರಾದ್ರೂ ಒಬ್ರು ಬೀಳ್ತಾರೆ" ಅಂದರು. ಸ್ಥಳೀಯರಿಗೆ ಗೊತ್ತಿತ್ತು. ಮುಂಚೆಯೇ ಬಂದು ರಸ್ತೆ ನೋಡಿದ್ದೇನೆ ಅಂದಿದ್ದ ಲೀಡ್‌ಗೆ ಮಾತ್ರ ಗೊತ್ತಿರಲಿಲ್ಲ. ನೋಡಿದ್ದು ಎಲೆ ಉದುರುವ ಮುಂಚೆ ಇರಬೇಕು.

ಫೋನ್‌ನಲ್ಲಿ ಸಿಗ್ನಲ್ ಇರಲಿಲ್ಲ. ಆದರೂ ತುರ್ತು ಕರೆ ಹೋಯಿತು. ನಿಮ್ಮ ಕಂಪನಿಯ ಟವರ್ ಇಲ್ಲದಿದ್ದರೂ ಬೇರೆ ಕಂಪನಿಯದು ಸಿಕ್ಕಿದರೆ ತುರ್ತು ಕರೆ ಸಾಮಾನ್ಯವಾಗಿ ಅದರ ಮೂಲಕ ಹೋಗುತ್ತದೆ. ಸಿಗ್ನಲ್ ಇಲ್ಲ ಅಂತ ಸುಮ್ನೆ ಕೂರಬೇಡಿ, ಪ್ರಯತ್ನಿಸಿ. ಹುಡುಗನಿಗೆ ಕಾಲರ್ ಬೋನ್ ಮುರಿದಿತ್ತು, ಮಣಿಕಟ್ಟು ಊದಿತ್ತು. ಜಾಕೆಟ್‌ನ ಮೊಣಕೈ ಪ್ಯಾಡ್ ಸವೆದು ಹೋಗಿತ್ತು, ಚರ್ಮ ಉಳಿಯಿತು.

ಆಯೋಜಕರ ಫೋನ್ ಬಂದಿದ್ದು ಆಂಬುಲೆನ್ಸ್ ಹೋದ ಮೇಲೆ, ನಾವು ಸಿಗ್ನಲ್ ಸಿಗುವ ಕಡೆ ಬಂದಾಗ. ಅದೂ ಎಲ್ಲರೂ ಫೋಟೋಗೆ ನಿಂತಾಗ ಎಣಿಸಿ ನೋಡಿ, ಜನ ಕಡಿಮೆ ಇದ್ದಾರೆ ಅಂತ ಗೊತ್ತಾಗಿ. "ಲೊಕೇಶನ್ ಕಳಿಸಿ" ಅಂದರು. ಕಳಿಸಿದೆವು. ಬರಲಿಲ್ಲ. ಊಟಕ್ಕೆ ಬುಕ್ ಆಗಿದೆಯಂತೆ, ಉಳಿದವರನ್ನು ಕಾಯಿಸಲು ಆಗುವುದಿಲ್ಲವಂತೆ. ರಾತ್ರಿ ಗ್ರೂಪ್‌ನಲ್ಲಿ ಫೋಟೋಗಳು ಬಂದವು, ಕೆಳಗೆ "ಸೂಪರ್ ರೈಡ್". ಬಿದ್ದವರ ಬಗ್ಗೆ ಒಂದು ಸಾಲು ಬರೆದು ಕೇಳಿದ್ದಕ್ಕೆ ನನ್ನನ್ನು ಗ್ರೂಪ್‌ನಿಂದ ತೆಗೆದರು. ಹುಡುಗನ ಮನೆಯವರು ಫೀಸ್ ಆದರೂ ವಾಪಸ್ ಕೊಡಿ ಅಂದಾಗ ಆ ಸಹಿ ಹಾಕಿದ ಕಾಗದದ ಫೋಟೋ ಕಳಿಸಿದರಂತೆ.

ಒಳ್ಳೆಯ ಗ್ರೂಪ್‌ಗಳೂ ಇವೆ. ಅವರು ಐದಾರು ಬೈಕ್‌ಗಳ ಸಣ್ಣ ತಂಡ ಮಾಡುತ್ತಾರೆ. ಹೊಸಬರನ್ನು ಲೀಡ್‌ನ ಹಿಂದೆಯೇ ಇಟ್ಟುಕೊಳ್ಳುತ್ತಾರೆ, ಆಗ ವೇಗ ಅವರಿಗೆ ತಕ್ಕಂತೆ ಇರುತ್ತದೆ. ಬಾಲದಲ್ಲಿ ಸ್ವೀಪ್, ಅಂದರೆ ಎಲ್ಲರ ಹಿಂದೆ ಬರುವ ಅನುಭವಸ್ಥರು ಇರುತ್ತಾರೆ, ಅವರ ಹತ್ತಿರ ಫಸ್ಟ್ ಏಡ್ ಇರುತ್ತದೆ. ಪ್ರತಿ ಕವಲಿನಲ್ಲಿ ಹಿಂದಿನವರು ಕಾಣುವವರೆಗೆ ಒಬ್ಬರು ಕಾಯುತ್ತಾರೆ. ಆಗ ಯಾರೂ ಯಾರನ್ನೂ ಹಿಡಿಯಲು ಓಡಬೇಕಿಲ್ಲ, ಅಲ್ವಾ? ಹೊರಡುವುದು ಹೊತ್ತೇರಿ ರಸ್ತೆ ಒಣಗಿದ ಮೇಲೆ, ವಾಪಸ್ ಕತ್ತಲಾಗುವ ಮುಂಚೆ. ಜಿಂಕೆಗಳ ಬೆದೆಯ ಕಾಲವೂ ಇದೇ. ಮುಸ್ಸಂಜೆಯಲ್ಲಿ ಒಂದು ರಸ್ತೆ ದಾಟಿದರೆ ಹಿಂದೆ ಇನ್ನೊಂದು ಬರುತ್ತದೆ.

ಚಳಿಯನ್ನೂ ಲೆಕ್ಕಕ್ಕೆ ತಗೊಳ್ಳಿ. ಹೊರಗೆ 10 ಡಿಗ್ರಿ ಇದ್ದರೂ 80 ಕಿಲೋಮೀಟರ್ ವೇಗದ ಗಾಳಿಗೆ ಮೈಗೆ ತಟ್ಟುವುದು ಸುಮಾರು 4 ಡಿಗ್ರಿಯ ಚಳಿ. ಬೆರಳು ಮರಗಟ್ಟಿದರೆ ಬ್ರೇಕ್ ಎಷ್ಟು ಒತ್ತುತ್ತಿದ್ದೇವೆ ಅಂತ ಗೊತ್ತಾಗುವುದಿಲ್ಲ. ಎಲೆ ನೋಡಲು ಬರುವ ಕಾರಿನವರ ಮೇಲೂ ಕಣ್ಣಿರಲಿ. ಚೆಂದದ ಮರ ಕಂಡರೆ ಇಂಡಿಕೇಟರ್ ಹಾಕದೆ ನಡುರಸ್ತೆಯಲ್ಲೇ ನಿಲ್ಲಿಸಿಬಿಡುತ್ತಾರೆ.

ಈಗಾಗಲೇ ಹಣ ಕಟ್ಟಿ, ರೈಡ್ ಶುರುವಾದ ಮೇಲೆ ಲೀಡ್ ಇಂಥವರು ಅಂತ ಗೊತ್ತಾದರೆ? ಅಗಲವಾದ ಜಾಗ ನೋಡಿ, ಇಂಡಿಕೇಟರ್ ಹಾಕಿ, ನಿಲ್ಲಿಸಿ. ಅವರು ಹೋಗಲಿ. ಮ್ಯಾಪನ್ನು ಮುಂಚೆಯೇ ಆಫ್‌ಲೈನ್ ಇಳಿಸಿಕೊಂಡಿದ್ದರೆ ನಿಮ್ಮ ವೇಗದಲ್ಲೇ ಬರಬಹುದು. ಒಬ್ಬರು ಒಪ್ಪಿ ಜೊತೆಗೆ ನಿಂತರೆ ಇನ್ನೂ ಒಳ್ಳೆಯದು. ಮನೆಯವರಿಗೆ ಯಾವ ದಾರಿಯಲ್ಲಿ ಬರುತ್ತೀರಿ ಅಂತ ಒಂದು ಮೆಸೇಜ್ ಹಾಕಿ ಹೊರಡಿ. ಫೀಸ್ ಹೇಗೂ ವಾಪಸ್ ಬರುವುದಿಲ್ಲ.