ಆಫೀಸಿಗೆ ಬರುವ ಹಣ್ಣಿನ ಡಬ್ಬಿ: ಹಣ್ಣು ಪರವಾಗಿಲ್ಲ, ಮಾತು ಜಾಸ್ತಿ

ಹಣ್ಣು ಹೆಚ್ಚಿ ಡಬ್ಬಿಗೆ ಹಾಕಿ, ತಿಂಗಳ ಲೆಕ್ಕದಲ್ಲಿ ಆಫೀಸಿಗೇ ತಂದುಕೊಡುವವರು ಬೆಂಗಳೂರಿನಲ್ಲಿ ಈಗ ಬೇಕಾದಷ್ಟು ಜನ ಇದ್ದಾರೆ. ನಾನು ತರಿಸುವವರ ಹೆಸರು ಬೇಡ ಬಿಡಿ. ಇವರ ಡಬ್ಬಿಯ ಮುಚ್ಚಳದ ಮೇಲೆ ‘ಟೆನ್ಷನ್ ಮಾಯ, ಮನಸ್ಸು ಹಗುರ’ ಅಂತ ಸ್ಟಿಕ್ಕರ್ ಬೇರೆ.

ಮೊದಲು ಹಣ್ಣಿನ ವಿಷಯ. ಪಪ್ಪಾಯ, ಕಲ್ಲಂಗಡಿ, ಅನಾನಸ್ ದಿನಾ ಇರುತ್ತವೆ, ಸೀಬೆಹಣ್ಣೋ ದಾಳಿಂಬೆಯೋ ಬಂದರೆ ಅವತ್ತು ಹಬ್ಬ. ಪಪ್ಪಾಯ ಹದವಾಗಿ ಹಣ್ಣಾಗಿರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಲ್ಲಂಗಡಿಯನ್ನೂ ಅದೇ ಡಬ್ಬಿಗೆ ಸುರಿದಿರುತ್ತಾರೆ, ಹನ್ನೊಂದು ಗಂಟೆ ಹೊತ್ತಿಗೆ ತಳದಲ್ಲಿ ಕೆಂಪು ನೀರು ನಿಂತು, ಪಪ್ಪಾಯ ಮೆತ್ತಗಾಗಿ, ಮೇಲಿರುವ ಸೀಬೆ ಹೋಳು ಮಾತ್ರ ತಿನ್ನುವ ಹಾಗಿರುತ್ತದೆ. ಬೇರೆ ಖಾನೆ ಮಾಡ್ರಪ್ಪಾ ಅಂದೆ. ‘ನೋಡೋಣ ಸರ್’ ಅಂದರು. ಇನ್ನೂ ನೋಡುತ್ತಲೇ ಇದ್ದಾರೆ.

ಇನ್ನು ಆ ಸ್ಟಿಕ್ಕರ್. ಪೂರ್ತಿ ಸುಳ್ಳೇನಲ್ಲ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 18ರಿಂದ 25 ವರ್ಷದ 171 ಜನ, ಎರಡು ವಾರ. ಒಂದು ಗುಂಪಿಗೆ ದಿನಕ್ಕೆ ಎರಡು ಪಾಲು ಹಣ್ಣು–ತರಕಾರಿ ಹೆಚ್ಚಿಗೆ ಕೈಗೇ ಕೊಟ್ಟರು. ಇನ್ನೊಂದು ಗುಂಪಿಗೆ ಕೂಪನ್ ಕೊಟ್ಟು, ತಿನ್ನಿ ತಿನ್ನಿ ಅಂತ ಮೊಬೈಲಿಗೆ ಮೆಸೇಜ್ ಕಳಿಸಿದರು. ಮೂರನೆಯವರದು ಎಂದಿನ ಊಟ. ಹುರುಪು, ಲವಲವಿಕೆ ಹೆಚ್ಚಿದ್ದು ಕೈಗೆ ಸಿಕ್ಕವರಿಗೆ ಮಾತ್ರ! ಖಿನ್ನತೆ, ಆತಂಕದಲ್ಲಿ ಮಾತ್ರ ಯಾರಿಗೂ ವ್ಯತ್ಯಾಸ ಕಾಣಲಿಲ್ಲ. ಸ್ಟಿಕ್ಕರ್ ಬರೆದವರು ಅಲ್ಲಿಯವರೆಗೆ ಓದಿಲ್ಲ ಅನಿಸುತ್ತದೆ.

ಡಬ್ಬಿ ಜೊತೆ ಬರುವ ಚೀಟಿಯಲ್ಲಿ ಇನ್ನೊಂದು ಇದೆ: ಬಾಳೆಹಣ್ಣಲ್ಲಿ ಸೆರೊಟೋನಿನ್ (ಮೆದುಳಿನಲ್ಲಿ ಮೂಡಿಗೆ ಸಂಬಂಧಪಟ್ಟ ರಾಸಾಯನಿಕ) ಇದೆ, ತಿಂದರೆ ಖುಷಿ. ಇದೆ ನಿಜ, ಆದರೆ ತಿಂದ ಸೆರೊಟೋನಿನ್ ರಕ್ತದಿಂದ ಮೆದುಳಿನೊಳಗೆ ದಾಟುವುದೇ ಇಲ್ಲ. ಸುಮ್ನೆ ಯಾಕೆ ಕಥೆ ಹೇಳಬೇಕು? ಆಸ್ಟ್ರೇಲಿಯಾದಲ್ಲಿ ಖಿನ್ನತೆ ಇದ್ದ 67 ಜನರ ಮೇಲೆ ಒಂದು ಪ್ರಯೋಗ ನಡೆದಿತ್ತು, ಅದೂ 2017ರಲ್ಲೇ ಪ್ರಕಟವಾಯಿತು. 12 ವಾರ ತರಕಾರಿ, ಹಣ್ಣು, ಕಾಳು, ಮೀನು ಅಂತ ಇಡೀ ಊಟವನ್ನೇ ಸರಿಮಾಡಿಕೊಂಡವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಖಿನ್ನತೆ ಇಳಿಯಿತು, ಬರೀ ಮಾತುಕತೆಯ ಆಸರೆ ಸಿಕ್ಕವರಲ್ಲಿ 8% ಜನಕ್ಕೆ ಮಾತ್ರ. ಔಷಧಿ ತಗೊಳ್ಳುತ್ತಿದ್ದವರು ಅದನ್ನು ಬಿಟ್ಟಿರಲಿಲ್ಲ, ಇದನ್ನು ಗಮನಿಸಿ. ಒಂದು ಡಬ್ಬಿ ಹಣ್ಣಿನಿಂದ ಅಷ್ಟೆಲ್ಲ ಆಗಲ್ಲ.

ಆದರೂ ಬೇಡ ಅನ್ನಲ್ಲ. ಸಂಜೆ ನಾಲ್ಕಕ್ಕೆ ಟೀ ಜೊತೆ ಎರಡು ಬಜ್ಜಿ ತಿಂದು ಪೆಚ್ಚಾಗಿ ಕೂರುವ ಬದಲು ಹೋಳು ಹಣ್ಣು ಎದುರಿಗಿದ್ದರೆ ಕೈ ತಾನೇ ಹೋಗುತ್ತದೆ, ನನಗೆ ಉಪಯೋಗ ಆಗಿದ್ದು ಇಷ್ಟೇ. ಆದರೆ ದಿನಕ್ಕೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಅನ್ನುತ್ತದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. ಡಬ್ಬಿಯಿಂದ ಹಣ್ಣಿನ ಲೆಕ್ಕ ಮುಗಿಯಿತು ಅನ್ನಿ, ತರಕಾರಿ? ಕ್ಯಾಂಟೀನಿನ ಎರಡು ಚಮಚ ಪಲ್ಯಕ್ಕೆ ಏನಾಗುತ್ತದೆ? ಅದಕ್ಕೆ ಮನೆಗೆ ಹೋಗುವಾಗ ಹಾಪ್‌ಕಾಮ್ಸ್‌ನಲ್ಲಿ ಒಂದು ಕಟ್ಟು ದಂಟಿನ ಸೊಪ್ಪು, ಬೀನ್ಸ್ ತಗೊಂಡೇ ಹೋಗುತ್ತೇನೆ.

ಮನೆಯಿಂದ ಹೆಚ್ಚಿ ತರುವ ಅಭ್ಯಾಸ ಇರುವವರಿಗೆ ಈ ಡಬ್ಬಿ ದಂಡ. ಪಿಜಿಯಲ್ಲಿ ಇರುವವರು ಧಾರಾಳವಾಗಿ ತಗೊಳ್ಳಿ, ಹೆಚ್ಚಿದ್ದು ಬೇಡ, ಇಡೀ ಹಣ್ಣಿನ ಪ್ಲಾನ್ ಕೇಳಿ. ನಾನು ಈ ತಿಂಗಳಿಂದ ಅದಕ್ಕೇ ಬದಲಾಯಿಸಿದ್ದೇನೆ. ಐದಕ್ಕೆ ಮೂರು.